ಮಲ್ಲಸಂದ್ರದಲ್ಲಿ ಇಳಿದವರು

ಬಸ್ಸು ಮಲ್ಲಸಂದ್ರದ ಸ್ಟಾಪು ಬಿಟ್ಟು ಹೊರಟಾಗ ಸ್ವರ್ಣಲತಾ ಕಿಟಕಿಯ ಕಡೆ ತಿರುಗಲಿಲ್ಲ. ತಿರುಗಿದ್ದರೆ ರಸ್ತೆಯಂಚಿನಲ್ಲಿ ಬಗ್ಗಿ ಟಿಫಿನ್ ಡಬ್ಬಿ ಎತ್ತಿಕೊಳ್ಳುತ್ತಿರುವ ಮನುಷ್ಯ ಕಾಣಿಸುತ್ತಿದ್ದ. ಬೆಳಿಗ್ಗೆ ಆ ಡಬ್ಬಿಗೆ ಅವರೆಕಾಳಿನ ಉಪ್ಪಿಟ್ಟು ತುಂಬಿ, ಮುಚ್ಚಳ ಸಡಿಲವೆಂದು ಮೇಲೊಂದು ರಬ್ಬರ್ ಬ್ಯಾಂಡ್ ಸುತ್ತಿ ಕೊಟ್ಟವಳು ಅವಳೇ. ಕಂಡಕ್ಟರು ಅದನ್ನು ಚೀಲದ ಸಮೇತ ಬಾಗಿಲಿನಿಂದಾಚೆ ಎಸೆದಾಗ ಖಾಲಿ ಸ್ಟೀಲು ಡಾಂಬರಿನ ಮೇಲೆ ಉರುಳಿದ ಸದ್ದು ಇನ್ನೂ ಕಿವಿಯಲ್ಲೇ ಇತ್ತು. “ಹೆದರ್ಕೋಬೇಡಿ ಮೇಡಂ, ಇಳಿಸಿದ್ದಾಯ್ತಲ್ಲ,” ಎನ್ನುತ್ತ ಪಕ್ಕಕ್ಕೆ ಬಂದು ಕೂತ ನೇತ್ರಾವತಿ ಅವಳ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಅದುಮುತ್ತಿದ್ದಳು. ಶಾಲೆಗೆ ಸೇರಿ ವರ್ಷವಾಗಿರದ ಸೈನ್ಸ್ ಟೀಚರು; ಅವಳ ಮುಖದಲ್ಲಿ ಗೆದ್ದವರ ಕಳೆಯಿತ್ತು. ಹಿಂದೆ ನಿಂತಿದ್ದ ಹತ್ತನೇ ಕ್ಲಾಸಿನ ಹುಡುಗಿಯರು ತಮ್ಮ ಹೆಡ್‌ಮಿಸ್ಟ್ರೆಸ್ಸನ್ನು ಕಣ್ಣರಳಿಸಿ ನೋಡುತ್ತಿದ್ದರು. ಎಲ್ಲರೂ ಸೇರಿ ಕೆಳಗಿಳಿಸಿದ್ದು ಅವಳ ಗಂಡನನ್ನು. ಅದು ಆ ಬಸ್ಸಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಸೋಮವಾರದ ಪ್ರಾರ್ಥನೆಯಲ್ಲಿ ಅವಳೇ ಹೇಳಿದ್ದಳು. ಗುಬ್ಬಿಯ ಆ ಹೆಣ್ಣುಮಕ್ಕಳ ಹೈಸ್ಕೂಲಿಗೆ ಅವಳು ಇನ್‌ಚಾರ್ಜ್ ಹೆಡ್‌ಮಿಸ್ಟ್ರೆಸ್ ಆಗಿ ಕೆಲವು ತಿಂಗಳಾಗಿತ್ತು. ಬಸ್ಸಿನಲ್ಲಿ ಯಾವನೋ ದಿನಾ ಮೈಮೇಲೆ ಬೀಳುತ್ತಾನೆಂದು ಹುಡುಗಿಯೊಬ್ಬಳು ಅತ್ತಿದ್ದಳು, ಅದಕ್ಕೇ ಧ್ವಜಕಟ್ಟೆಯ ಮೇಲೆ ನಿಂತು, “ಯಾರೇ ಆಗ್ಲಿ, ಎಷ್ಟೇ ವಯಸ್ಸಾಗಿರ್ಲಿ, ಸುಮ್ನಿರಬೇಡಿ. ಎದ್ದು ನಿಂತು ಜೋರಾಗಿ ಕೂಗಿ. ನಾಚಿಕೆ ಪಡಬೇಕಾದೋರು ನೀವಲ್ಲ, ಅವರು,” ಎಂದಿದ್ದಳು. ಆ ಮಾತಿಗೆ ನೇತ್ರಾವತಿಯೇ ಮೊದಲು ಚಪ್ಪಾಳೆ ತಟ್ಟಿದ್ದು. ಇವತ್ತು ಅವಳೇ ಮೊದಲು ಎದ್ದು ನಿಂತಿದ್ದೂ.

ನೇತ್ರಾವತಿಯದೇನೂ ತಪ್ಪಿರಲಿಲ್ಲ. ಗಂಡ ರೇವಣಸಿದ್ದಯ್ಯ ಗುಬ್ಬಿ ತಾಲ್ಲೂಕು ಆಫೀಸಿಗೆ ಯಾವುದೋ ಫೈಲಿಗಾಗಿ ಬರುತ್ತಾರೆಂದು ಸ್ವರ್ಣಲತಾಗೆ ಗೊತ್ತೇ ಇರಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಹತ್ತಿ, ಜನರ ನಡುವೆ ತೂರಿಕೊಂಡು ಬಂದು, ಅವಳ ಪಕ್ಕ ನಿಂತು, ಬಹಳ ಮರ್ಯಾದಸ್ಥರ ಹಾಗೆ ಗಂಟಲು ಸರಿಮಾಡಿಕೊಂಡು, “ಮೇಡಂ, ಸ್ವಲ್ಪ ಜರುಗ್ತೀರಾ?” ಎಂದರು. ಅವಳು ಕಣ್ಣು ಕೆಕ್ಕರಿಸಿ ನೋಡಿದಳು. ಅಲ್ಲೇ ಎಡವಟ್ಟಾಗಿದ್ದು. ಯಾಕೆಂದರೆ ಆ ಆಟ ಯಾವಾಗಲೂ ಶುರುವಾಗುತ್ತಿದ್ದುದೇ ಅವಳು ಕಣ್ಣು ಕೆಕ್ಕರಿಸುವುದರಿಂದ.

ಕುಣಿಗಲ್ಲಿನಲ್ಲಿ, ಮದುವೆಯಾದ ಹೊಸದರಲ್ಲಿ, ಕೆರೆ ಏರಿಯ ಹಿಂದಿನ ಆ ಮನೆಯಲ್ಲಿ ಅತ್ತೆ ಕಲ್ಲಮ್ಮ, ಮೈದುನರು, ಬಂದು ಹೋಗುವ ನೆಂಟರು. ಗಂಡಹೆಂಡಿರಿಗೆಂದು ಕೊಟ್ಟಿದ್ದ ಕೋಣೆಗೆ ಬಾಗಿಲಿರಲಿಲ್ಲ, ಹಳೆಯ ಸೀರೆಯ ಪರದೆ ಇತ್ತು. ಇಬ್ಬರೂ ಒಂದು ಮಾತು ಜೋರಾಗಿ ಆಡುವಂತಿರಲಿಲ್ಲ, ನಗುವುದಂತೂ ದೂರ. ಅವಳು ಬಿ.ಎಡ್. ಓದಲು ತುಮಕೂರಿಗೆ ಹೋಗುತ್ತಿದ್ದ ಬಸ್ಸೊಂದೇ ಅವರಿಗೆ ಸಿಕ್ಕ ಏಕಾಂತ. ಒಂದು ಬೆಳಿಗ್ಗೆ ಅತ್ತೆ ಏನೋ ಅಂದಿದ್ದಕ್ಕೆ ಅವಳು ಮುಖ ಊದಿಸಿಕೊಂಡು ಕೂತಿದ್ದಾಗ, ಜೊತೆಗೆ ಬರುತ್ತಿದ್ದ ಗಂಡ ಹಿಂದಿನ ಸೀಟಿನಿಂದ ಎದ್ದು ಬಂದು, “ಏನ್ರೀ, ಇಲ್ಲಿ ಯಾರಾದ್ರೂ ಬರ್ತಾರಾ?” ಎಂದು ಕೇಳಿದ್ದರು. ಅವಳು ಕಣ್ಣು ಕೆಕ್ಕರಿಸಿದಳು. “ನಾನು ಕುದುರೆ ಫಾರಂನ ಡಾಕ್ಟ್ರು. ಕುದುರೆ ಮುಖ ಹಿಂಗೆ ಊದ್ಕೊಂಡ್ರೆ ನಾವೊಂದು ಇಂಜೆಕ್ಷನ್ ಕೊಡ್ತೀವಿ,” ಎಂದರು. ಹೆಬ್ಬೂರು ಬರುವಷ್ಟರಲ್ಲಿ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆಮೇಲೆ ಅವರು ರೇಷ್ಮೆ ಇನ್‌ಸ್ಪೆಕ್ಟರಾದರು, ಹೆಣ್ಣು ನೋಡಲು ಹೊರಟ ಗಂಡಾದರು, ಒಮ್ಮೆ ಜ್ಯೋತಿಷಿಯಾಗಿ ಅವಳ ಕೈ ನೋಡಿ, “ನಿಮ್ಗೆ ಸಿಕ್ಕಿರೋ ಗಂಡ ಅಪರಂಜಿ ಕಣಮ್ಮಾ,” ಎಂದರು. “ಅಪರಂಜಿನೋ ಹಿತ್ತಾಳೆನೋ ನಂಗೆ ಗೊತ್ತು, ಕೈ ಬಿಡ್ರೀ,” ಎಂದಿದ್ದಳು ಅವಳು. ಹೊರಗಿನವರ ಹಾಗೆ ಮಾತಾಡುವಾಗ ಮನೆಯಲ್ಲಿ ಆಡಲಾಗದ್ದನ್ನೆಲ್ಲ ಆಡಬಹುದಿತ್ತು. ನಿಮ್ಮತ್ತೆ ಹೇಗೆ ಎಂದು ಆ ಅಪರಿಚಿತ ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು, ಅವನು ಅಯ್ಯೋ ಪಾಪ ಎನ್ನುತ್ತಿದ್ದ. ತುಮಕೂರಿನಲ್ಲಿ ಇಳಿದ ಮೇಲೆ ಅದರ ಸೊಲ್ಲೆತ್ತುತ್ತಿರಲಿಲ್ಲ. ಗಂಡನಿಗೆ ತುಮಕೂರಿಗೆ ವರ್ಗವಾಗಿ, ಕ್ಯಾತ್ಸಂದ್ರದಲ್ಲಿ ಮನೆ ಮಾಡಿ, ಮಗಳು ಕೃತಿಕಾ ಹುಟ್ಟಿ ಬೆಳೆದು ಮೈಸೂರಿನ ಹಾಸ್ಟೆಲಿಗೆ ಹೋದರೂ ಆ ಆಟ ಪೂರ್ತಿ ನಿಂತಿರಲಿಲ್ಲ. ಈಚೆಗೆ ಅವಳೇ, “ವಯಸ್ಸಿಗೆ ತಕ್ಕಂಗಿರಿ ಸ್ವಲ್ಪ,” ಎಂದು ಸಿಡುಕುತ್ತಿದ್ದಳು. ಹಾಗೆ ಸಿಡುಕುವಾಗಲೂ ಒಳಗೆ ಬೆಚ್ಚಗಾಗುತ್ತಿತ್ತು.

ಇವತ್ತೂ ಅವರು ಅದನ್ನು ಆ ಸಿಡುಕೆಂದೇ ತಿಳಿದರು. ಒತ್ತರಿಸಿಕೊಂಡು ಪಕ್ಕದಲ್ಲಿ ಕೂತು, ಅವಳ ಜಡೆಯ ಕಡೆ ಬಾಗಿ, “ತಲೆಗೊಂದು ಮೊಳ ಮಲ್ಲಿಗೆ ಇದ್ದಿದ್ರೆ ಎಷ್ಟು ಲಕ್ಷಣವಾಗಿರ್ತಿತ್ತು ಮೇಡಂ. ನಿಮ್ಮೆಜಮಾನ್ರು ತಂದ್ಕೊಡಲ್ವಾ?” ಎಂದರು. ಅತ್ತಲಿನ ಸೀಟಿನಲ್ಲಿದ್ದ ನೇತ್ರಾವತಿಗೆ ಅದು ಕೇಳಿಸಿತು. “ಏಯ್, ಏನ್ರೀ ಅದು? ತಲೆ ನರೆತಿದೆ, ಮಾನ ಮರ್ಯಾದೆ ಇಲ್ವಾ?” ಎಂದು ಎದ್ದೇ ನಿಂತಳು. ಹುಡುಗಿಯರೂ ಕೂಗಿದರು. ಬಸ್ಸಿನ ಕುತ್ತಿಗೆಗಳೆಲ್ಲ ಇತ್ತ ತಿರುಗಿದವು. ರೇವಣಸಿದ್ದಯ್ಯ ನಗುತ್ತಲೇ, “ಅಯ್ಯೋ ತಾಯಿ, ಇವ್ರನ್ನೇ ಕೇಳಮ್ಮ,” ಎಂದು ಹೆಂಡತಿಯ ಕಡೆ ಕೈ ತೋರಿಸಿದರು. ಕಂಡಕ್ಟರು ಬಂದು ಕೇಳಿದ: “ಮೇಡಂ, ಗೊತ್ತಿರೋರಾ ನಿಮ್ಗೆ?”

ಒಂದು ಮಾತು ಸಾಕಿತ್ತು. ನಮ್ಮನೆಯವರು ಎಂದಿದ್ದರೆ ಮುಗಿಯುತ್ತಿತ್ತು. ಒಂದಷ್ಟು ಜನ ನಗುತ್ತಿದ್ದರು, ಹುಡುಗಿಯರು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು, ಅಷ್ಟೇ. ಆದರೆ ಆ ನಗು ಅವಳ ಕಿವಿಗೆ ಮೊದಲೇ ಕೇಳಿಸಿಬಿಟ್ಟಿತು. ನಾಳೆ ಪ್ರಾರ್ಥನೆಯಲ್ಲಿ ಆ ಕಟ್ಟೆಯ ಮೇಲೆ ನಿಂತಾಗ ಸಾಲುಸಾಲಾಗಿ ತುಟಿ ಕಚ್ಚಿಕೊಂಡು ನಿಂತ ಮುಖಗಳು ಕಾಣಿಸಿದವು. ಮಲಗುವ ಕೋಣೆಯ ಪರದೆಯನ್ನು ಯಾರೋ ನಡುಬಸ್ಸಿನಲ್ಲಿ ಎಳೆದು ತೆಗೆದಂತಾಯಿತು. “ಇಲ್ಲ,” ಎಂದಳು. ಅದು ಅವಳ ಪ್ರಾರ್ಥನೆಯ ದನಿ, ಕಡೆಯ ಸಾಲಿಗೂ ಕೇಳುವಂಥದ್ದು.

ರೇವಣಸಿದ್ದಯ್ಯನವರ ಮುಖದಿಂದ ನಗು ಕೂಡಲೇ ಹೋಗಲಿಲ್ಲ. ಕರೆಂಟು ಹೋದ ಮೇಲೂ ಫ್ಯಾನು ತಿರುಗುತ್ತದಲ್ಲ, ಹಾಗೆ ಸ್ವಲ್ಪ ಹೊತ್ತು ಇತ್ತು. ಅಷ್ಟರಲ್ಲಿ ಹಿಂದಿನಿಂದ ಯಾವನೋ ಅವರ ಕಾಲರ್ ಹಿಡಿದು ಎಳೆದು ಕೆನ್ನೆಗೆ ಬಾರಿಸಿದ. ಇನ್ನೊಬ್ಬ, “ಪೊಲೀಸ್ ಸ್ಟೇಷನ್‌ಗೇ ಹೊಡೀರಿ ಬಸ್ಸು,” ಎಂದು ಕೂಗಿದ. ಅವರು ಬಾಯಿಬಿಟ್ಟು, ಇವಳು ನನ್ನ ಹೆಂಡತಿ ಕಣ್ರೋ, ಎನ್ನಬಹುದಿತ್ತು. ಅನ್ನಲಿಲ್ಲ. ಎದ್ದು ನಿಂತು, ಅವಳ ಕಡೆ ನೋಡದೆಯೇ ಕೈಮುಗಿದು, “ತಪ್ಪಾಯ್ತು ಮೇಡಂ,” ಎಂದರು. ಕಂಡಕ್ಟರು ಸೀಟಿ ಊದಿ, “ಇಳಿಯಯ್ಯಾ ಕೆಳಗೆ, ಲೇಡೀಸ್ ಇರೋ ಬಸ್ಸಿದು,” ಎಂದ. ಇಳಿದರು.

ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ನೇತ್ರಾವತಿ, “ಮನೆವರೆಗೂ ಬರ್ಲಾ ಮೇಡಂ? ನಿಮ್ಮೆಜಮಾನ್ರಿಗೆ ಫೋನ್ ಮಾಡಿ ಕರೆಸೋಣ್ವಾ?” ಎಂದು ಕೇಳಿದಳು. ಬೇಡವೆಂದು ಅವಳನ್ನು ಸಾಗಹಾಕಿ, ಗುಬ್ಬಿ ಕಡೆಯಿಂದ ಬಸ್ಸುಗಳು ಬಂದು ನಿಲ್ಲುವಲ್ಲಿ ಒಂದು ಕಂಬದ ಮರೆಗೆ ನಿಂತಳು. ಒಂದಾದ ಮೇಲೊಂದು ಬಸ್ಸು ಬಂತು. ಒಂದೊಂದು ಬಸ್ಸು ಬಂದಾಗಲೂ, ಇದರಲ್ಲಿ ಇರಲಿ ಎಂದುಕೊಳ್ಳುವುದರ ಜೊತೆಗೇ, ಇಲ್ಲಿ ಎಲ್ಲರೆದುರು ಇಳಿಯದಿದ್ದರೆ ಸಾಕೆಂದೂ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ್ದು ಗೊತ್ತಾಗಿ ತನ್ನ ಮೇಲೆ ತನಗೇ ಹೇಸಿಗೆಯಾಗಿ, ಸಿಟಿ ಬಸ್ಸು ಹತ್ತಿ ಮನೆಗೆ ಬಂದಳು.

ಅವರು ಬಂದಾಗ ದೀಪ ಹಚ್ಚುವ ಹೊತ್ತು ದಾಟಿತ್ತು. ಚಪ್ಪಲಿಯೆಲ್ಲ ಧೂಳು. ಕೆಳತುಟಿಯ ಒಂದು ಕಡೆ ಬಾತಿತ್ತು. ಬಚ್ಚಲಿಗೆ ಹೋಗಿ ಮುಖ ತೊಳೆದು, ಟವೆಲಿನಲ್ಲಿ ಒರೆಸಿಕೊಳ್ಳುತ್ತ ಬಂದವರು, ಅವಳು “ರೀ...” ಎನ್ನುವಷ್ಟರಲ್ಲಿ, “ಏನ್ ಪಾರ್ಟ್ ಮಾಡ್ದೆ ಕಣೇ! ನಾನೇ ನಂಬ್ಬಿಟ್ಟೆ ನೋಡು,” ಎಂದರು. ಅವಳು ನಕ್ಕಳು. ನಕ್ಕೇಬಿಟ್ಟಳು. ಬಾಗಿಲು ತೆರೆದುಕೊಟ್ಟವರನ್ನು ದಾಟಿ ಓಡಿಹೋಗುವವರ ಹಾಗೆ. ಊಟಕ್ಕೆ ಹಾಕಿದಳು. ಅವರು ತುಟಿಯ ಒಂದೇ ಪಕ್ಕದಿಂದ ಅಗಿದು ಉಂಡರು. ಕ್ಷಮೆ ಕೇಳಬೇಕೆಂದರೆ ಈಗ ಅದು ಆಟವಲ್ಲವೆಂದು ಮೊದಲು ಒಪ್ಪಬೇಕಿತ್ತು. ಆಟವೆಂದು ಅವರೇ ಹೇಳಿರುವಾಗ ತಾನೇಕೆ ಒಪ್ಪಲಿ ಎಂದು ತಟ್ಟೆ ತೊಳೆಯುತ್ತ ಅಂದುಕೊಂಡಳು. ಬಸ್ಸಿನಲ್ಲಿ ಆಡಿದ ಒಂದು ಮಾತಿಗಿಂತ ಅಡುಗೆಮನೆಯಲ್ಲಿ ಹೂಡಿದ ಈ ಲೆಕ್ಕಾಚಾರ ಆಮೇಲೆ ಅವಳನ್ನು ಹೆಚ್ಚು ಸುಟ್ಟಿತು.

ಶಾಲೆಯಲ್ಲಿ ಅವಳು ಹೆಸರುವಾಸಿಯಾದಳು. ನೇತ್ರಾವತಿ ಸ್ಟಾಫ್ ರೂಮಿನಲ್ಲಿ ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. “ನನ್ ಕೈಗೆ ಸಿಕ್ಬೇಕಿತ್ತು ಆ ಮುದುಕ, ಸೊಂಟ ಮುರಿದು ಕಳಿಸ್ತಿದ್ದೆ,” ಎಂದರು ಪಿ.ಟಿ. ಮಾಸ್ತರು ಗಂಗಹನುಮಯ್ಯ. ಅವಳು ಹಾಜರಾತಿ ಪುಸ್ತಕಕ್ಕೆ ತಲೆ ಬಾಗಿಸಿದಳು. ಅದನ್ನು ಎಲ್ಲರೂ ದೊಡ್ಡವರ ಸಂಕೋಚವೆಂದು ತಿಳಿದರು. ಮುದುಕ ಎಂಬ ಪದ ಅವಳ ಜೊತೆಗೆ ಬಸ್ಸಿನಲ್ಲಿ ಬಂತು, ಮನೆಗೂ ಬಂತು. ಅಲ್ಲಿ ನೋಡಿದರೆ ನಿಜವಾಗಿಯೂ ಒಬ್ಬ ಮುದುಕ ಕೂತಿದ್ದ. ರೇವಣಸಿದ್ದಯ್ಯ ಈಗ ಅವಳು ಎದುರು ಬಂದರೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಿದ್ದರು. ಮೊದಲಿನಂತೆ ವಾರ್ತೆ ಓದುವವಳ ಹಾಗೆ ಬೀದಿಯ ಸುದ್ದಿ ಓದಿ ಹೇಳುತ್ತಿರಲಿಲ್ಲ. ಅವಳ ಕನ್ನಡಕ ಬಚ್ಚಿಟ್ಟು, ಹುಡುಕಿ ಕೊಟ್ಟರೆ ಏನು ಕೊಡ್ತೀಯ ಎನ್ನುತ್ತಿರಲಿಲ್ಲ. ನೀರು ಬೇಕಾದರೆ ನೀರು ಕೇಳುತ್ತಿದ್ದರು, ಕುಡಿದು ಲೋಟ ತಾವೇ ತೊಳೆದಿಡುತ್ತಿದ್ದರು. ವಯಸ್ಸಿಗೆ ತಕ್ಕ ಹಾಗಿರಿ ಎಂದು ಎಷ್ಟು ಸಲ ಹೇಳಿರಲಿಲ್ಲ ಅವಳು? ಈಗ ಇದ್ದರು. ಮನೆ ಸರ್ಕಾರಿ ಗೆಸ್ಟ್‌ಹೌಸಿನಂತೆ ಅಚ್ಚುಕಟ್ಟಾಗಿತ್ತು.

ಒಂದು ಬೆಳಿಗ್ಗೆ ಅವಳೇ ಧೈರ್ಯ ಮಾಡಿ ಅವರ ಒಂದು ಚಪ್ಪಲಿಯನ್ನು ತುಳಸಿಕಟ್ಟೆಯ ಹಿಂದೆ ಬಚ್ಚಿಟ್ಟಳು. ಬಾಗಿಲ ಸಂದಿಯಲ್ಲಿ ನಿಂತು ಕಾದಳು. ಅವರು ಬಂದರು, ಒಂಟಿ ಚಪ್ಪಲಿಯನ್ನು ನೋಡಿದರು, ಮೆಟ್ಟಿಲ ಕೆಳಗೆ ಹುಡುಕಿದರು. ಸ್ವರ್ಣಾ, ನಿನ್ ಕೆಲ್ಸಾನೇ ಇದು, ಎಂದು ಕೂಗುತ್ತಾರೆ ಎಂದುಕೊಂಡಳು. ಅವರು ಒಳಗೆ ಹೋಗಿ ಮಳೆಗಾಲದ ರಬ್ಬರ್ ಚಪ್ಪಲಿ ತಂದು, ಪ್ಯಾಂಟಿನ ಕೆಳಗೆ ಅದನ್ನೇ ಮೆಟ್ಟಿಕೊಂಡು ಆಫೀಸಿಗೆ ಹೊರಟುಹೋದರು. ಅವಳು ತುಳಸಿಕಟ್ಟೆಯ ಹಿಂದಿನಿಂದ ಚಪ್ಪಲಿ ತಂದು ಅದರ ಜೋಡಿಯ ಪಕ್ಕದಲ್ಲಿಟ್ಟಳು. ಕದ್ದದ್ದನ್ನು ಯಾರೂ ಕಾಣದ ಹಾಗೆ ವಾಪಸಿಟ್ಟ ಕಳ್ಳಿಯಂತೆ ಆ ದಿನವೆಲ್ಲ ಇದ್ದಳು.

ಚಳಿ ಹಿಂದಾಗಿ ಬಿಸಿಲು ಏರತೊಡಗಿದ್ದ ಒಂದು ಭಾನುವಾರ ನೇತ್ರಾವತಿ ತನ್ನ ಮದುವೆಯ ಕಾರ್ಡು ಹಿಡಿದುಕೊಂಡು, ಹೇಳದೆ ಕೇಳದೆ ಕ್ಯಾತ್ಸಂದ್ರದ ಮನೆಗೆ ಬಂದಳು. ಬಾಗಿಲು ತೆರೆದವರು ರೇವಣಸಿದ್ದಯ್ಯ. ಹಿತ್ತಲಿನ ನಲ್ಲಿ ರಿಪೇರಿ ಮಾಡುತ್ತಿದ್ದವರು ಲುಂಗಿ ಬನಿಯನ್ನಿನಲ್ಲೇ, ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಬಂದಿದ್ದರು. ಒಲೆಯ ಮುಂದಿದ್ದ ಸ್ವರ್ಣಲತಾಗೆ ನೇತ್ರಾವತಿಯ ದನಿ ಕೇಳಿಸಿತು, ಆಮೇಲೆ ಆ ದನಿ ತಟ್ಟನೆ ನಿಂತದ್ದೂ ಕೇಳಿಸಿತು. ಆ ಮೌನದಲ್ಲಿ ಗಂಡನ ಮಾತು: “ಮೇಡಂ ಒಳ್ಗಿದಾರೆ ಕಣಮ್ಮ. ನಾನು ನಲ್ಲಿ ರಿಪೇರಿಗೆ ಬಂದೋನು.”

ಅವಳು ಸೌಟು ಹಿಡಿದುಕೊಂಡು ನಿಂತೇ ಇದ್ದಳು. ತನ್ನ ಮಾನ ಉಳಿಸಲು ಅವರು ತಮ್ಮ ಮನೆಯ ಹೊಸಿಲಿನ ಮೇಲೆಯೇ ಕೂಲಿಯವರಾಗಿಬಿಟ್ಟಿದ್ದರು. ಸುಮ್ಮನಿದ್ದರೆ ಇದೂ ಮುಗಿದುಹೋಗುತ್ತಿತ್ತು. ಅವರು ಹಿತ್ತಲಿಗೆ ಹೋಗುತ್ತಿದ್ದರು, ಅವಳು ನೇತ್ರಾವತಿಗೆ ಕಾಫಿ ಕೊಟ್ಟು ಕಳಿಸುತ್ತಿದ್ದಳು. ಆ ಯೋಚನೆ ಬಂದಿತು, ಬಂದು ಕೂತಿತು, ಅದನ್ನು ಎಬ್ಬಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ನೇತ್ರಾವತಿ ಅಷ್ಟರಲ್ಲಿ ಚೀರಿದ್ದಳು: “ಮೇಡಂ, ಆವತ್ತಿನೋನು ಇವ್ನೇ! ನಿಮ್ಮನೆ ಹುಡ್ಕೊಂಡು ಬಂದ್ಬಿಟ್ಟಿದಾನೆ!”

ಸ್ವರ್ಣಲತಾ ಹೊರಗೆ ಬಂದಳು. “ಅವನು ಅನ್ಬೇಡಮ್ಮ. ಇವ್ರು ನಮ್ಮೆಜಮಾನ್ರು,” ಎಂದಳು.

ನೇತ್ರಾವತಿ ಗೋಡೆಯ ಮೇಲಿನ ಮದುವೆಯ ಫೋಟೋ ನೋಡಿದಳು, ಸ್ಪ್ಯಾನರ್ ನೋಡಿದಳು, ಅವರ ಮುಖ ನೋಡಿದಳು. “ಮತ್ತೆ... ಬಸ್ಸಲ್ಲಿ ಗೊತ್ತಿಲ್ಲ ಅಂದ್ರಲ್ಲ ಮೇಡಂ?”

“ಆಟ ಆಡ್ತಿದ್ವಿ,” ಎಂದಳು ಸ್ವರ್ಣಲತಾ. ಬೆತ್ತಲೆ ನಿಂತು ಹೇಳಿದಂತಾಯಿತು. ಕಿವಿಯೆಲ್ಲ ಬಿಸಿ. “ನಾವು ಬಸ್ಸಲ್ಲಿ ಹಂಗೆ ಆಡ್ತೀವಿ ಕಣಮ್ಮ, ಗುರ್ತೇ ಇಲ್ದೋರ ಥರ. ಮದ್ವೆಯಾದಾಗಿಂದ. ಆವತ್ತು ನಂಗೆ ನಾಚಿಕೆಯಾಗಿ... ಇವ್ರದ್ದೇನೂ ತಪ್ಪಿಲ್ಲ. ತಪ್ಪು ಮಾಡಿದ್ದು ನಾನು.”

 ನೇತ್ರಾವತಿಯ ಕಣ್ಣುಗಳಲ್ಲಿದ್ದ ಗಾಬರಿ ನಿಧಾನವಾಗಿ ಇಳಿದು, ಅದರ ಜಾಗದಲ್ಲಿ ಕನಿಕರ ಬಂದು ತುಂಬಿಕೊಂಡಿತು. ರೇವಣಸಿದ್ದಯ್ಯನವರಿಂದ ದೂರ ಸರಿದು ಮುಂದೆ ಬಂದು, ಮೇಡಂ ಕೈಗೆ ಕಾರ್ಡು ಕೊಟ್ಟು, ಆ ಕೈಯನ್ನು ಮತ್ತೆ ಬಸ್ಸಿನಲ್ಲಿ ಹಿಡಿದಂತೆಯೇ ಹಿಡಿದು, ಪಿಸುದನಿಯಲ್ಲಿ ಹೇಳಿದಳು: “ಬಿಡಿ ಮೇಡಂ, ನಂಗರ್ಥ ಆಗುತ್ತೆ. ನಮ್ ದೊಡ್ಡಪ್ಪನೂ ಹಿಂಗೇ. ದೊಡ್ಡಮ್ಮ ಪಾಪ ನಿಮ್ ಥರಾನೇ ಮುಚ್ಚಾಕ್ತಿದ್ರು. ನಾನ್ ಯಾರ್ಗೂ ಹೇಳಲ್ಲ.” ಕಾಫಿಗೂ ನಿಲ್ಲದೆ ಹೋದಳು.

ಗೇಟಿನ ಚಿಲಕದ ಸದ್ದಾದ ಮೇಲೆ ಇಬ್ಬರೂ ಇದ್ದಲ್ಲೇ ಇದ್ದರು. “ನಂಬ್ಲಿಲ್ಲ,” ಎಂದರು ರೇವಣಸಿದ್ದಯ್ಯ. “ಇಲ್ಲ,” ಎಂದಳು. ಅವರೀಗ ಏನಾದರೊಂದು ತಮಾಷೆ ಮಾಡಿ ತನ್ನನ್ನು ದಾಟಿಸುತ್ತಾರೆಂದು ಅವಳು ಕಾದಳು; ಹಾಗೆ ಕಾಯುತ್ತಿರುವುದು ಗೊತ್ತಾಗಿ ತಲೆ ತಗ್ಗಿಸಿದಳು. ಅವರು ಬೆಂಚಿನ ಮೇಲೆ ಕೂತು ಸ್ಪ್ಯಾನರನ್ನು ತೊಡೆಯ ಮೇಲಿಟ್ಟುಕೊಂಡರು. “ಬಸ್ಸಲ್ಲಿ ಆ ಹುಡುಗ ಹೊಡೆದಿದ್ದು ಏನೂ ಅಲ್ಲ ಕಣೇ. ನೀನು ಇಲ್ಲ ಅಂದಾಗ, ಆಟಾನೇ ಅಂದ್ಕೊಂಡೆ. ಆಮೇಲೆ ನಿನ್ ಕಣ್ಣು ನೋಡ್ದೆ. ಅದ್ರಲ್ಲಿ ನಾನು ನಿಜವಾಗ್ಲೂ ಯಾರೋ ಆಗ್ಬಿಟ್ಟಿದ್ದೆ.” ಸ್ಪ್ಯಾನರನ್ನು ತಿರುಗಿಸುತ್ತ, “ನೋವಾಯ್ತು,” ಎಂದರು. ಇಷ್ಟು ವರ್ಷದಲ್ಲಿ ಅವರು ಆ ಮಾತನ್ನು ಬೇರೆ ಯಾರದೋ ವೇಷ ಹಾಕದೆ ಹೇಳಿದ್ದು ಅವಳಿಗೆ ನೆನಪಿರಲಿಲ್ಲ.

“ತಪ್ಪಾಯ್ತು ರೀ.”

ಪರವಾಗಿಲ್ಲ ಬುಡು ಎಂದು ಅವರು ಅನ್ನಲಿಲ್ಲ. ಹೂಂ ಎಂದರು. ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಒಳಗೆ ಸಾರು ತಳ ಹತ್ತಿದ ವಾಸನೆ ಬಂದರೂ ಇಬ್ಬರೂ ಏಳಲಿಲ್ಲ. ಕೊನೆಗೆ ಅವಳೇ ಕಾರ್ಡು ತಿರುಗಿಸುತ್ತ, “ಮದ್ವೆಗೆ ಬರ್ತೀರಾ?” ಎಂದು ಕೇಳಿದಳು. ಬರೋದಿಲ್ಲ ಎನ್ನಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಲೇ ಕೇಳಿದಳು. ಸ್ಟಾಫೆಲ್ಲ ಇರುತ್ತಾರೆ, ಗಂಗಹನುಮಯ್ಯನವರು ಇರುತ್ತಾರೆ, ಆ ಹುಡುಗಿಯರು ಬಡಿಸಲು ಬರುತ್ತಾರೆ. ಅವರು ಅವಳ ಮುಖವನ್ನೇ ನೋಡಿ, “ನಿಂಗೆ ಕಷ್ಟ ಆಗಲ್ವಾ?” ಎಂದರು. “ಆಗುತ್ತೆ,” ಎಂದಳು. “ಹಂಗಾದ್ರೆ ಬರ್ತೀನಿ,” ಎಂದರು.

ಮದುವೆಯ ದಿನ ಬಸ್ಸಿನಲ್ಲಿ ಅಕ್ಕಪಕ್ಕ ಕೂತು, ಆಟವಿಲ್ಲದೆ ಗುಬ್ಬಿಗೆ ಹೋದರು. ಮಲ್ಲಸಂದ್ರ ಬಂದಾಗ ಇಬ್ಬರೂ ಎದುರಿನ ಗಾಜನ್ನೇ ನೋಡುತ್ತಿದ್ದರು. ಕಲ್ಯಾಣ ಮಂಟಪದ ಮುಂದೆ ಪನ್ನೀರು ಚಿಮುಕಿಸುತ್ತ ಅವಳ ಶಾಲೆಯ ಹುಡುಗಿಯರೇ ನಿಂತಿದ್ದರು. ಚಪ್ಪರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಸ್ಟಾಫೆಲ್ಲ ಕೂತಿತ್ತು. ಸ್ವರ್ಣಲತಾ ಚಪ್ಪರದ ಹತ್ತಿರ ಬಂದು ನೋಡಿದರೆ ಪಕ್ಕದಲ್ಲಿ ಗಂಡ ಇಲ್ಲ. ತಿರುಗಿದಳು. ಅವರು ಬಹಳ ಹಿಂದೆ, ಐಸ್‌ಕ್ರೀಮ್ ಗಾಡಿಯ ಬಳಿ ನಿಂತು, ಬೇರೆ ಯಾರ ಜೊತೆಗೋ ಬಂದವರಂತೆ ಆಕಾಶ ನೋಡುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಅವರ ಕುತ್ತಿಗೆ ಬಡವಾಗಿ ಕಂಡಿತು. ಆಗಲೇ ಹುಡುಗಿಯೊಬ್ಬಳು ಅವರನ್ನು ಗುರುತಿಸಿ ಇನ್ನೊಬ್ಬಳ ತೋಳು ಹಿಡಿದಿದ್ದಳು.

ಸ್ವರ್ಣಲತಾ ವಾಪಸು ನಡೆದಳು. ಅಷ್ಟು ದೂರವೂ ಬೆನ್ನ ಮೇಲೆ ಕಣ್ಣುಗಳಿದ್ದವು. ಹೋಗಿ ಅವರ ಮಣಿಕಟ್ಟು ಹಿಡಿದಳು. ತಮ್ಮ ಮದುವೆಯ ದಿನ ಬಿಟ್ಟರೆ ನಾಲ್ಕು ಜನರೆದುರು ಅವರ ಕೈ ಹಿಡಿದದ್ದು ಅದೇ ಮೊದಲು. ಅವರ ಕೈ ಬೆವೆತಿತ್ತು. ಹುಡುಗಿಯರು ಪನ್ನೀರುದಾನಿ ಎತ್ತಿದವರು ಎತ್ತಿದ ಹಾಗೇ ನಿಂತಿದ್ದರು. ಗಂಗಹನುಮಯ್ಯನವರು ಕುರ್ಚಿಯಿಂದ ಅರ್ಧ ಎದ್ದಿದ್ದರು.

“ಕೈ ಬಿಡೇ,” ಎಂದರು ರೇವಣಸಿದ್ದಯ್ಯ ತುಟಿ ಅಲುಗಿಸದೆ, “ಎಲ್ರೂ ನೋಡ್ತಾವ್ರೆ. ನಂಗೆ ನಾಚಿಕೆ ಆಗುತ್ತೆ.”

ತಮಾಷೆಗೆ ಅಂದರೋ ನಿಜವಾಗಿ ಅಂದರೋ ಅವಳಿಗೆ ತಿಳಿಯಲಿಲ್ಲ. “ನಂಗೂ ಆಗುತ್ತೆ. ಬನ್ನಿ,” ಎಂದು ಅವರನ್ನು ಚಪ್ಪರದೊಳಕ್ಕೆ ಕರೆದುಕೊಂಡು ಹೋದಳು.